ಬಾನೆಟ್ ಕೆಳಗಿನ ಕಾವು: ಹಳೆಯ ಮಸಲ್ ಕಾರಿಗೆ ಟರ್ಬೊ ಕೂರಿಸುವವರಿಗೆ ಒಂದು ಮಾರ್ಗದರ್ಶಿ

ಮಸಲ್ ಕಾರು ಎಂದರೆ ದೊಡ್ಡ ಎಂಜಿನ್ನಿನ ಅಮೆರಿಕನ್ ಕಾರು. ಟರ್ಬೊ ಎಂದರೆ ಎಂಜಿನ್ನಿನ ಬಿಸಿ ಹೊಗೆಯಿಂದ ಟರ್ಬೈನ್ ಎಂಬ ಚಕ್ರವನ್ನು ತಿರುಗಿಸಿ, ಅದಕ್ಕೆ ಜೋಡಿಸಿದ ಕಂಪ್ರೆಸರ್ ಎಂಬ ಇನ್ನೊಂದು ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಸಾಧನ. ಟರ್ಬೊ ಕೂರಿಸಿದ ಹಳೆಯ ಕಾರಿಗೆ ಹೆದ್ದಾರಿಯೇ ಪರೀಕ್ಷೆ ಎಂದು ಬಹಳ ಜನ ತಿಳಿದಿದ್ದಾರೆ. ಹೆದ್ದಾರಿಯಿಂದ ಇಳಿದು ಪೆಟ್ರೋಲ್ ಬಂಕಿನಲ್ಲಿ ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಕೀಲಿ ತಿರುಗಿಸಿ ನೋಡಿ. ಸ್ಟಾರ್ಟರ್ ‘ಟಕ್’ ಎಂದು ಸುಮ್ಮನಾಗಬಹುದು. ಇಲ್ಲವೇ ಎಂಜಿನ್ ತಿರುಗಿದರೂ ಹೊತ್ತಿಕೊಳ್ಳದೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಕಡೆಯಿಂದ ಹಸಿ ಪೆಟ್ರೋಲಿನ ವಾಸನೆ ಬರಬಹುದು. ಡ್ಯಾಶ್‌ಬೋರ್ಡಿನ ಉಷ್ಣಮಾಪಕ ಮಾತ್ರ ಎಲ್ಲವೂ ಸರಿಯಾಗಿದೆ ಎನ್ನುತ್ತಿರುತ್ತದೆ. ಅದು ಅಳೆಯುವುದು ಎಂಜಿನ್ನಿನೊಳಗಿನ ನೀರನ್ನು. ಬಾನೆಟ್ ಕೆಳಗಿನ ಗಾಳಿ, ವೈರು, ಹೋಸು, ತಗಡುಗಳ ಸುದ್ದಿ ಅದಕ್ಕೆ ತಿಳಿಯುವುದೇ ಇಲ್ಲ.

ಕಾರು ಓಡುತ್ತಿರುವಾಗ ಗಾಳಿ ಹರಿಯುತ್ತದೆ, ನೀರು ಸುತ್ತುತ್ತದೆ, ಎಣ್ಣೆ ಟರ್ಬೊದ ಬೇರಿಂಗುಗಳನ್ನು ತೊಳೆದುಕೊಂಡು ಹೋಗುತ್ತದೆ. ಕೀಲಿ ತೆಗೆದ ಕ್ಷಣ ಮೂರೂ ನಿಲ್ಲುತ್ತವೆ. ಕೆಂಪಗೆ ಕಾದ ಕಬ್ಬಿಣ ಮಾತ್ರ ತನ್ನಲ್ಲಿರುವುದನ್ನೆಲ್ಲ ಅಕ್ಕಪಕ್ಕದವರಿಗೆ ಹಂಚತೊಡಗುತ್ತದೆ. ಹಾಗಾಗಿ ಎಂಜಿನ್ ಆರಿಸಿದ ಮೇಲಿನ ಆ ಇಪ್ಪತ್ತು ನಿಮಿಷಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಡೀ ಕೆಲಸವನ್ನು ಯೋಜಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ರೇಡಿಯೇಟರ್ ತಂದು ಕೂರಿಸಿದರೆ ಎಲ್ಲ ಮುಗಿಯಿತು ಎನ್ನುವವರು ಈ ಇಪ್ಪತ್ತು ನಿಮಿಷಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ.

ಮಾತು ಗಾಳಿಯಲ್ಲಿ ಉಳಿಯದಿರಲಿ ಎಂದು ಒಂದು ಕಾರನ್ನು ಹಿಡಿದುಕೊಳ್ಳೋಣ: 1967ರಿಂದ 1969ರವರೆಗಿನ ಶೆವರ್ಲೆ ಕಮಾರೊ, ಅದರಲ್ಲಿ 350 ಘನ ಇಂಚಿನ, ಅಂದರೆ 5.7 ಲೀಟರಿನ ಸ್ಮಾಲ್ ಬ್ಲಾಕ್ ವಿ8 ಎಂಬ ಎಂಟು ಸಿಲಿಂಡರಿನ ಎಂಜಿನ್, ಅದಕ್ಕೊಂದು ಟರ್ಬೊ, ಟರ್ಬೊದ ಗಾಳಿ ಕಾರ್ಬ್ಯುರೇಟರಿನ ಮೂಲಕ ಹಾದುಹೋಗುವ ಜೋಡಣೆ. ಅದೇ ಕಾಲದ ಫೋರ್ಡ್ ಮಸ್ಟ್ಯಾಂಗ್ ನಿಮ್ಮದಾದರೆ ಕಷ್ಟ ಇನ್ನೂ ಹೆಚ್ಚು. ಅದರ ಮುಂದಿನ ಸಸ್ಪೆನ್ಷನ್ನಿನ ಗೋಪುರಗಳು ಎಂಜಿನ್ನಿನ ಎರಡೂ ಪಕ್ಕೆಗಳಿಗೆ ಒತ್ತಿಕೊಂಡಿರುತ್ತವೆ. ಪೈಪು ಹಾಯಿಸಲು ಬೆರಳಗಲ ಜಾಗ ಸಿಕ್ಕರೆ ಪುಣ್ಯ. ಕಾರು ಯಾವುದಾದರೂ ಕ್ರಮ ಇದೇ.

ಈ ಕಾರುಗಳನ್ನು ಮಾಡಿದವರಿಗೆ ಟರ್ಬೊ ಗೊತ್ತಿರಲಿಲ್ಲ ಎಂದಲ್ಲ. ಜನರಲ್ ಮೋಟರ್ಸ್ 1962ರಲ್ಲೇ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಕಾರಿನಲ್ಲಿ 3.5 ಲೀಟರಿನ ಅಲ್ಯೂಮಿನಿಯಂ ವಿ8 ಎಂಜಿನ್ನಿಗೆ ಟರ್ಬೊ ಕೂರಿಸಿ ಮಾರಿತು. ಒಳಹೋಗುವ ಗಾಳಿ ತೀರ ಬಿಸಿಯಾಗದಂತೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಚಿಮುಕಿಸುವ ಏರ್ಪಾಡು ಅದರಲ್ಲಿತ್ತು. ಆ ದ್ರವದ ಟ್ಯಾಂಕನ್ನು ತುಂಬಿಸಿಕೊಳ್ಳಲು ಮಾಲೀಕರು ಮರೆಯುತ್ತಿದ್ದರು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊ ಕಳಚಿ ಮಾಮೂಲಿ ಕಾರ್ಬ್ಯುರೇಟರ್ ಹಾಕಿಕೊಡಬೇಕಾಯಿತು. ನಿಮ್ಮ ಕಮಾರೊದ ಬಾನೆಟ್ ಕೆಳಗೆ ಅಂಥ ಯಾವ ಏರ್ಪಾಡೂ ಇಲ್ಲ. ಅದನ್ನು ವಿನ್ಯಾಸಗೊಳಿಸಿದವರು ಬಿಸಿ ಹೊಗೆ ಎಂಜಿನ್ನಿನಿಂದ ನೇರ ಕೆಳಗಿಳಿದು ಹಿಂದಕ್ಕೆ ಹೋಗುತ್ತದೆ ಎಂದು ಎಣಿಸಿದ್ದರು. ನೀವೀಗ ಅದನ್ನು ಮುಂದಕ್ಕೆ ತಿರುಗಿಸಿ, ಮೇಲೆ ತಂದು, ಅಲ್ಲೇ ತಡೆದು ನಿಲ್ಲಿಸಲು ಹೊರಟಿದ್ದೀರಿ.

ಮೊದಲು ಅಳೆಯಿರಿ

ಟರ್ಬೊ ಕೂರಿಸುವ ಮುಂಚೆಯೇ ಕಾರಿನ ಈಗಿನ ಕಾವನ್ನು ಬರೆದಿಟ್ಟುಕೊಳ್ಳಿ. ತುದಿ ತಾಗಿದಲ್ಲಿನ ಉಷ್ಣತೆ ತಿಳಿಸುವ ಕೆ-ಮಾದರಿಯ ಥರ್ಮೊಕಪಲ್ ತಂತಿಗಳು ಮತ್ತು ಅವನ್ನು ಓದುವ ಚಿಕ್ಕ ಮೀಟರ್ ಸಾಕು. ತಂತಿಯ ತುದಿಗಳನ್ನು ಏರ್ ಫಿಲ್ಟರಿನ ಬಾಯಿ, ಕಾರ್ಬ್ಯುರೇಟರಿನ ಬುಡ, ಸ್ಟಾರ್ಟರಿನ ಸೊಲೆನಾಯ್ಡ್ (ಅದಕ್ಕೆ ವಿದ್ಯುತ್ ಹಾಯಿಸುವ ಸ್ವಿಚ್ಚು), ಬ್ರೇಕಿನ ಮಾಸ್ಟರ್ ಸಿಲಿಂಡರ್ ಮತ್ತು ಎಂಜಿನ್ನಿಗೂ ಆಸನಗಳಿಗೂ ನಡುವಿನ ತಗಡುಗೋಡೆಯಾದ ಫೈರ್‌ವಾಲ್ ಬಳಿ ಕಟ್ಟಿ. ಸುಮ್ಮನೆ ನಿಂತು ಎಂಜಿನ್ ಓಡುವಾಗ ಒಮ್ಮೆ, ಹೆದ್ದಾರಿಯಲ್ಲಿ ಒಮ್ಮೆ, ಆಮೇಲೆ ಎಂಜಿನ್ ಆರಿಸಿ ಐದೈದು ನಿಮಿಷಕ್ಕೊಮ್ಮೆ ಗುರುತು ಹಾಕಿಕೊಳ್ಳಿ. ಕೊನೆಯ ಸಾಲಿನ ಅಂಕಿಗಳೇ ಎಲ್ಲಕ್ಕಿಂತ ದೊಡ್ಡವಾಗಿರುವುದು ಆಗಲೇ ಕಾಣುತ್ತದೆ.

ದೂರದಿಂದ ಗುರಿಯಿಟ್ಟು ಅಳೆಯುವ ಇನ್‌ಫ್ರಾರೆಡ್ ಗನ್ನನ್ನು ನಂಬುವಾಗ ಎಚ್ಚರ. ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಮತ್ತು ಅಲ್ಯೂಮಿನಿಯಂ ಮೇಲೆ ಅದು ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಅಳೆಯುವ ಜಾಗಕ್ಕೆ ಹೆಚ್ಚು ಶಾಖ ತಾಳುವ ಕಪ್ಪು ಬಣ್ಣದ ಒಂದು ಚುಕ್ಕೆ ಬಳಿದರೆ ಓದು ನಿಜಕ್ಕೆ ಹತ್ತಿರ ಬರುತ್ತದೆ. ಕೈ ತೂರದ ಜಾಗಗಳಿಗೆ, ಇಂತಿಷ್ಟು ಡಿಗ್ರಿ ದಾಟಿದರೆ ಬಣ್ಣ ಬದಲಾಗಿ ಹಾಗೆಯೇ ಉಳಿಯುವ ಅಂಟುಪಟ್ಟಿಗಳು ಸಿಗುತ್ತವೆ. ಅಗ್ಗದ ವಸ್ತು, ಸುಳ್ಳು ಹೇಳುವುದಿಲ್ಲ.

ಕಾವು ಹುಟ್ಟುವ ಜಾಗದಲ್ಲೇ ತಗ್ಗಿಸಿ

ಪೂರ್ತಿ ಒತ್ತಡದಲ್ಲಿ ಓಡುವ ಪೆಟ್ರೋಲ್ ಎಂಜಿನ್ನಿನಿಂದ ಟರ್ಬೈನಿಗೆ ನುಗ್ಗುವ ಹೊಗೆ 850ರಿಂದ 950 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ ಎಂದು ನೆನೆದರೆ ಇದರ ಗಾತ್ರ ತಿಳಿಯುತ್ತದೆ. ಆದರೆ ಇಷ್ಟು ಕಾವು ಬರಬೇಕಾದದ್ದು ಆಕ್ಸಿಲರೇಟರ್ ಒತ್ತಿ ಹಿಡಿದಾಗ. ಸುಮ್ಮನೆ ನಿಂತ ಕಾರಿನಲ್ಲಿ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆ) ಕೆಂಪಾಗುತ್ತಿದ್ದರೆ ಅದು ಶ್ರುತಿ ತಪ್ಪಿದ ಎಂಜಿನ್. ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ತಡವಾದರೆ ಪೆಟ್ರೋಲ್ ಸಿಲಿಂಡರಿನೊಳಗೆ ಉರಿದು ಮುಗಿಯದೆ ಮ್ಯಾನಿಫೋಲ್ಡಿನವರೆಗೂ ಉರಿಯುತ್ತಲೇ ಬರುತ್ತದೆ. ಹೊಸದಾಗಿ ಟರ್ಬೊ ಹಾಕಿದವರು ನಾಕಿಂಗ್ (ಸಿಲಿಂಡರಿನೊಳಗೆ ಪೆಟ್ರೋಲ್ ಹದತಪ್ಪಿ ಸಿಡಿಯುವುದು) ಭಯದಿಂದ ಟೈಮಿಂಗನ್ನು ಎಲ್ಲ ಕಡೆಯೂ ಹಿಂದಕ್ಕೆ ತಳ್ಳಿರುತ್ತಾರೆ. ಬಾನೆಟ್ ಬಣ್ಣ ಸುಲಿದಾಗ ಟರ್ಬೊವನ್ನು ದೂರುತ್ತಾರೆ. ಟೈಮಿಂಗನ್ನು ಹಿಂದಕ್ಕೆ ಎಳೆಯಬೇಕಾದದ್ದು ಒತ್ತಡ ಏರಿದಾಗ ಮಾತ್ರ. ನಿಧಾನವಾಗಿ ಹೋಗುವಾಗ ಅದು ಮುಂದಿರಲಿ, ಹಗುರವಾಗಿ ಓಡುವಾಗ ಕಿಡಿಯನ್ನು ಮುಂಚಿತವಾಗಿ ಹಾರಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಜೋಡಣೆ ಇದ್ದರೆ ಅದನ್ನು ಕಳಚಬೇಡಿ. ಒತ್ತಡದಲ್ಲಿ ಗಾಳಿ-ಪೆಟ್ರೋಲಿನ ಅನುಪಾತ 11.5ರಿಂದ 12ರ ಆಸುಪಾಸಿನಲ್ಲಿರಲಿ. ಈ ಎರಡು ಸರಿಯಾಗದೆ ಸುತ್ತುಪಟ್ಟಿ, ತಗಡು, ಫ್ಯಾನುಗಳಿಗೆ ದುಡ್ಡು ಸುರಿಯುವುದು ವ್ಯರ್ಥ.

ಟರ್ಬೊ ಎಲ್ಲಿ ಕೂರಬೇಕು

ಕಮಾರೊದ ಎಡಬದಿಯಲ್ಲಿ, ಅಂದರೆ ಅಮೆರಿಕದ ಚಾಲಕನ ಕಡೆ, ಸ್ಟಿಯರಿಂಗ್ ಬಾಕ್ಸ್ ಮತ್ತು ಬ್ರೇಕಿನ ಮಾಸ್ಟರ್ ಸಿಲಿಂಡರ್ ಇವೆ. ಬಲಬದಿಯಲ್ಲಿ ಬ್ಯಾಟರಿ, ಸ್ಟಾರ್ಟರ್ ಮತ್ತು ಎಂಜಿನ್ನಿನ ಮುಂಭಾಗಕ್ಕೆ ಕಚ್ಚಿಕೊಂಡ ಪೆಟ್ರೋಲ್ ಪಂಪ್ ಇವೆ. ಎರಡು ಬದಿಯಲ್ಲೂ ತೊಂದರೆ ಇದ್ದಾಗ, ಸ್ಥಳಾಂತರಿಸಬಹುದಾದ ವಸ್ತುಗಳಿರುವ ಬದಿಯನ್ನು ಆರಿಸಿಕೊಳ್ಳಬೇಕು. ಬ್ಯಾಟರಿಯನ್ನು ಡಿಕ್ಕಿಗೆ ಕಳುಹಿಸಬಹುದು. ಯಾಂತ್ರಿಕ ಪಂಪನ್ನು ತೆಗೆದು, ಆ ರಂಧ್ರಕ್ಕೆ ಮುಚ್ಚುತಗಡು ಹಾಕಿ, ಪೆಟ್ರೋಲ್ ಟ್ಯಾಂಕಿನ ಬಳಿ ವಿದ್ಯುತ್ ಪಂಪ್ ಕೂರಿಸಬಹುದು. ಬ್ರೇಕು ಮತ್ತು ಸ್ಟಿಯರಿಂಗನ್ನು ಹಾಗೆ ಎತ್ತಿಡಲಾಗದು. ಆದ್ದರಿಂದ ಬಲಬದಿಯ ಮುಂಭಾಗ, ಸಾಧ್ಯವಾದಷ್ಟು ಮುಂದೆ, ರೇಡಿಯೇಟರ್ ಫ್ಯಾನಿನ ಗಾಳಿ ತಾಗುವ ಹಾಗೆ.

ಎಣ್ಣೆ ಹಿಂತಿರುಗುವ ಪೈಪನ್ನು ಈ ಹಂತದಲ್ಲೇ ಯೋಚಿಸಿ. ಟರ್ಬೊದಿಂದ ಎಣ್ಣೆ ಕೆಳಗಿಳಿಯುವುದು ಬರೀ ಗುರುತ್ವದಿಂದ. ಸುಮಾರು 14 ಮಿ.ಮೀ. ಒಳವ್ಯಾಸದ ಪೈಪು, ನೆಟ್ಟಗೆ ಕೆಳಮುಖಕ್ಕೆ 35 ಡಿಗ್ರಿಗಿಂತ ಹೆಚ್ಚು ಓರೆಯಾಗದಂತೆ, ಎಲ್ಲೂ ಹೊಟ್ಟೆ ಬಿಡದಂತೆ, ಎಂಜಿನ್ ಬುಡದ ಎಣ್ಣೆ ತೊಟ್ಟಿಯಾದ ಸಂಪಿನಲ್ಲಿ ನಿಂತ ಎಣ್ಣೆಯ ಮಟ್ಟಕ್ಕಿಂತ ಮೇಲೆ ಸೇರಬೇಕು. ಟರ್ಬೊವನ್ನು ತೀರ ಕೆಳಗೆ ಬಚ್ಚಿಟ್ಟರೆ ಇದು ಸಾಧ್ಯವಾಗುವುದಿಲ್ಲ. ಎಣ್ಣೆ ಮಡುಗಟ್ಟಿ ಸೀಲು ದಾಟಿ ಟರ್ಬೈನಿಗೆ ಸೋರುತ್ತದೆ.

ಪೈಪಿನೊಳಗಿನದು ಪೈಪಿನೊಳಗೇ ಇರಲಿ

ಕಾದ ಲೋಹ ಸುತ್ತಲೂ ಬೀರುವ ವಿಕಿರಣ ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಶಾಲೆಯಲ್ಲಿ ಓದಿ ಮರೆತ ಈ ಸೂತ್ರ ಇಲ್ಲಿ ದುಡ್ಡು ಉಳಿಸುತ್ತದೆ. ಹೊರಮೈ 800 ಡಿಗ್ರಿಯಿಂದ 400 ಡಿಗ್ರಿಗೆ ಇಳಿದರೆ ವಿಕಿರಣ ಸುಮಾರು ಆರರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಹೊರಮೈಯ ಉಷ್ಣತೆ ತಗ್ಗಿಸುವ ಯಾವ ಕೆಲಸಕ್ಕೂ ಸಿಗುವ ಫಲ ಇಷ್ಟು ದೊಡ್ಡದು. ಜೊತೆಗೆ ಹೊಗೆಯಲ್ಲಿ ಉಳಿದ ಶಾಖವೇ ಟರ್ಬೈನನ್ನು ತಿರುಗಿಸುವ ಶಕ್ತಿಯೂ ಆದ್ದರಿಂದ ಟರ್ಬೊ ಬೇಗ ಎಚ್ಚರಗೊಳ್ಳುತ್ತದೆ.

ಮೂರು ದಾರಿಗಳಿವೆ. ಸೆರಾಮಿಕ್ ಲೇಪನ ದುಬಾರಿ, ಆದರೆ ಒಮ್ಮೆ ಮಾಡಿಸಿದರೆ ಮರೆತುಬಿಡಬಹುದು. ಒಳಗೂ ಹೊರಗೂ ಮಾಡಿಸಿ, ಟರ್ಬೊ ಕಾರಿಗೆಂದು ಹೇಳಿಯೇ ಮಾಡಿಸಿ. ಹೊಳಪಿಗಾಗಿ ಮಾಡುವ ಲೇಪನಗಳು ಈ ಶಾಖಕ್ಕೆ ನಿಲ್ಲುವುದಿಲ್ಲ. ಎರಕದ ಕಬ್ಬಿಣದ ಮ್ಯಾನಿಫೋಲ್ಡನ್ನೇ ಬಳಸುವುದಾದರೆ ಲೇಪನವೇ ಸರಿಯಾದ ದಾರಿ. ಅದರ ಮೇಲೆ ಪಟ್ಟಿ ಸುತ್ತಿದರೆ ಬಿರುಕು ಬಿಡುವ ಅಪಾಯ ಹೆಚ್ಚು.

ಎರಡನೆಯದು ಗಾಜಿನ ಎಳೆಯ ಅಥವಾ ಬಸಾಲ್ಟ್ ಕಲ್ಲಿನ ಎಳೆಯ ಸುತ್ತುಪಟ್ಟಿ. 50 ಮಿ.ಮೀ. ಅಗಲದ ಪಟ್ಟಿಯನ್ನು ಬಿಗಿಯಾಗಿ ಎಳೆದು, ಪ್ರತಿ ಸುತ್ತೂ ಹಿಂದಿನದರ ಮೇಲೆ ಸುಮಾರು 6 ಮಿ.ಮೀ. ಕೂರುವಂತೆ ಸುತ್ತಿ. ಹೆಚ್ಚು ದಪ್ಪ ಸುತ್ತಿದಷ್ಟೂ ಒಳ್ಳೆಯದು ಎಂಬ ಆಸೆ ಬೇಡ, ಒಳಗಿನ ಲೋಹ ಸುಡುತ್ತದೆ. ತುದಿಗಳನ್ನು ಸ್ಟೇನ್‌ಲೆಸ್ ಪಟ್ಟಿಯಿಂದ ಕಟ್ಟಿ. ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಕಡ್ಡಾಯ. ಗಾಜಿನ ಎಳೆ ಚರ್ಮಕ್ಕೆ ಹೊಕ್ಕರೆ ಎರಡು ದಿನ ಕೆರೆದುಕೊಳ್ಳುತ್ತಿರಬೇಕಾಗುತ್ತದೆ. ಮೊದಲ ಬಾರಿ ಕಾಯುವಾಗ ಹೊಗೆ ಬರುತ್ತದೆ, ಗ್ಯಾರೇಜಿನ ಹೊರಗೆ ಕಾಯಿಸಿ. ಸಾದಾ ಉಕ್ಕಿನ ಹೆಡರ್ ಪೈಪಿಗೆ (ಎರಕದ ಮ್ಯಾನಿಫೋಲ್ಡ್ ಬದಲು ಹಾಕುವ ಹೊಗೆಕೊಳವೆಗೆ) ಪಟ್ಟಿ ಸುತ್ತಿದರೆ ಅದು ತೇವ ಹಿಡಿದು ಒಳಗೊಳಗೇ ತುಕ್ಕು ತಿನ್ನಿಸುತ್ತದೆ. ಚಳಿಗಾಲವಿಡೀ ಕಾರು ಕದಲದೆ ನಿಲ್ಲುವ ಮಿಷಿಗನ್ನಿನಂಥ ಊರಿನಲ್ಲಿ ಇದು ಬೇಗ ಆಗುತ್ತದೆ. ಪಟ್ಟಿ ಸುತ್ತಿದ ಪೈಪಿಗೆ ಹೊಣೆ ಹೊರುವುದಿಲ್ಲ ಎಂದು ಅನೇಕ ಹೆಡರ್ ತಯಾರಕರು ವಾರಂಟಿಯಲ್ಲೇ ಬರೆದಿರುತ್ತಾರೆ.

ಪಟ್ಟಿಯ ಬಗ್ಗೆ ಇನ್ನೊಂದು ಮಾತು, ಇದು ಮುಖ್ಯ. ಎಣ್ಣೆ ಸೋರಿ ಪಟ್ಟಿಗೆ ಇಳಿದರೆ ನಿಮ್ಮ ಬಾನೆಟ್ ಕೆಳಗೆ ಎಣ್ಣೆಯಲ್ಲಿ ಅದ್ದಿದ ಪಂಜು ಸಿದ್ಧವಾದಂತೆ. ಹಳೆಯ ಸ್ಮಾಲ್ ಬ್ಲಾಕ್‌ನ ವಾಲ್ವ್ ಕವರ್ ಸೋರುವುದು ಅಪರೂಪವೇನೂ ಅಲ್ಲ, ಅದು ಸೋರುವುದು ನೇರ ಹೆಡರಿನ ಮೇಲೇ. ಗ್ಯಾಸ್ಕೆಟ್ ಮೊದಲು ಬದಲಾಯಿಸಿ, ಪಟ್ಟಿ ಆಮೇಲೆ ಸುತ್ತಿ. ಎಣ್ಣೆ ಕುಡಿದ ಪಟ್ಟಿಯನ್ನು ಒರೆಸಿ ಉಳಿಸಿಕೊಳ್ಳುವ ಪ್ರಯತ್ನ ಬೇಡ, ಬಿಚ್ಚಿ ಎಸೆಯಿರಿ.

ಮೂರನೆಯದು ಟರ್ಬೈನಿನ ಹೊದಿಕೆ. ನನ್ನ ಲೆಕ್ಕದಲ್ಲಿ ಖರ್ಚು ಮಾಡಿದ ಹಣಕ್ಕೆ ಇದರಷ್ಟು ಪ್ರತಿಫಲ ಕೊಡುವ ವಸ್ತು ಬೇರೆ ಇಲ್ಲ. ಟರ್ಬೊದ ಬಿಸಿ ಅರ್ಧಕ್ಕೆ, ಅಂದರೆ ಎರಕದ ಕಬ್ಬಿಣದ ಬಸವನಹುಳುವಿಗೆ ಮಾತ್ರ ಇದನ್ನು ತೊಡಿಸಬೇಕು. ನಡುವಿನ ಬೇರಿಂಗ್ ಭಾಗವನ್ನು ಮುಚ್ಚಿದರೆ ಎಣ್ಣೆ ಒಳಗೇ ಬೇಯುತ್ತದೆ. ತಣ್ಣನೆಯ ಕಂಪ್ರೆಸರ್ ಭಾಗಕ್ಕೆ ಇದರ ಅಗತ್ಯವೇ ಇಲ್ಲ. ಹೊಗೆಯಿಂದ ಗಾಳಿ-ಪೆಟ್ರೋಲಿನ ಅನುಪಾತ ತಿಳಿಸುವ ಆಕ್ಸಿಜನ್ ಸೆನ್ಸರನ್ನು ಟರ್ಬೊದ ನಂತರದ ಪೈಪಿನಲ್ಲಿ ಅರ್ಧ ಮೀಟರಿನಷ್ಟು ದೂರ ಇಡಿ, ಅದರ ಸುತ್ತ ಪಟ್ಟಿ ಸುತ್ತಬೇಡಿ.

ಪೈಪುಗಳು ಹಿಗ್ಗುತ್ತವೆ ಎಂಬುದನ್ನು ಮರೆತು ಬೆಸುಗೆ ಹಾಕುವವರಿದ್ದಾರೆ. ಒಂದು ಮೀಟರ್ ಉದ್ದದ 304 ಸ್ಟೇನ್‌ಲೆಸ್ ಪೈಪು 700 ಡಿಗ್ರಿ ಏರಿದರೆ ಸುಮಾರು 12 ಮಿ.ಮೀ. ಉದ್ದವಾಗುತ್ತದೆ. ಎಡಬದಿಯ ಹೊಗೆಯನ್ನು ಬಲಬದಿಗೆ ದಾಟಿಸುವ ಅಡ್ಡಪೈಪಿನಲ್ಲಿ ಒಂದು ಜಾರುವ ಕೂಡು ಅಥವಾ ಹಿಗ್ಗಿ ಕುಗ್ಗುವ ಮಡಿಕೆಗಳ ಬೆಲ್ಲೋಸ್ ಇರಲೇಬೇಕು. ಇಲ್ಲದಿದ್ದರೆ ಬೆಸುಗೆ ಸೀಳುತ್ತದೆ. ಸೀಳಿನಿಂದ ಚಿಮ್ಮುವ 900 ಡಿಗ್ರಿಯ ಹೊಗೆಗೆ ಯಾವ ಹೊದಿಕೆಯೂ ಉತ್ತರವಲ್ಲ.

ತಗಡು ಮತ್ತು ಅಂತರ

ಶಾಖ ತಡೆಯುವ ತಗಡನ್ನು ರಕ್ಷಿಸಬೇಕಾದ ವಸ್ತುವಿಗೇ ಅಂಟಿಸಿದರೆ ಅದು ಅರ್ಧ ಕೆಲಸ ಮಾತ್ರ ಮಾಡುತ್ತದೆ. ತಗಡಿನ ಎರಡೂ ಬದಿಗೆ ಗಾಳಿ ಆಡುವಂತೆ 10ರಿಂದ 25 ಮಿ.ಮೀ. ಅಂತರ ಬಿಡಿ. ಒಂದು ಮಿ.ಮೀ. ದಪ್ಪದ ಅಲ್ಯೂಮಿನಿಯಂ ಸಾಕು. ಟರ್ಬೈನಿಗೆ ತೀರ ಸಮೀಪವಾದರೆ ಸ್ಟೇನ್‌ಲೆಸ್. ಅಂತರವಿಟ್ಟ ಎರಡು ತೆಳು ತಗಡುಗಳು ಒಂದು ದಪ್ಪ ತಗಡಿಗಿಂತ ಎಷ್ಟೋ ಮೇಲು. ಹಿಡಿದಿಡುವ ಬೋಲ್ಟುಗಳೂ ಶಾಖ ಸಾಗಿಸುತ್ತವೆ, ಅವು ಕಡಿಮೆ ಇರಲಿ.

ವೈರುಗಳ ವಿಷಯದಲ್ಲಿ ಹಳೆಯ ಕಾರಿಗೆ ಕರುಣೆ ತೋರಿಸಬೇಡಿ. ಸಾದಾ ಪಿವಿಸಿ ಹೊದಿಕೆಯ ವೈರು ತಾಳುವುದು 80 ಡಿಗ್ರಿ ಆಸುಪಾಸು. ಐವತ್ತು ವರ್ಷ ಹಳೆಯದಾದರೆ ಅದೂ ಇಲ್ಲ. ಟರ್ಬೊ ಬದಿಯಲ್ಲಿ ಹಾಯುವ ಎಲ್ಲ ವೈರನ್ನೂ 125 ಡಿಗ್ರಿ ತಾಳುವ ಕ್ರಾಸ್‌ಲಿಂಕ್ ಹೊದಿಕೆಯದಕ್ಕೆ ಬದಲಾಯಿಸಿ, ಅದರ ಮೇಲೆ ಅಲ್ಯೂಮಿನಿಯಂ ಮೈಯ ಗಾಜಿನೆಳೆಯ ತೋಳು ಹಾಕಿ. ಸ್ಪಾರ್ಕ್ ಪ್ಲಗ್ಗಿನ ರಬ್ಬರ್ ಟೊಪ್ಪಿಗೆಗಳಿಗೂ ಇಂಥದ್ದೇ ತೋಳು ಸಿಗುತ್ತದೆ. ಈ ಕಾರುಗಳ ಮೂಲ ಗ್ಯಾಸ್ಕೆಟ್, ಕ್ಲಚ್ ಮತ್ತು ಬ್ರೇಕ್ ಪಟ್ಟಿಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅವನ್ನು ಕೆರೆದು ಧೂಳೆಬ್ಬಿಸದೆ, ಒದ್ದೆ ಮಾಡಿಕೊಂಡು ತೆಗೆಯಿರಿ.

ಸ್ಟಾರ್ಟರಿನ ‘ಟಕ್’ ಶಬ್ದಕ್ಕೆ ಕಾರಣ ಇಲ್ಲೇ ಇದೆ. ಜನರಲ್ ಮೋಟರ್ಸ್ ಕಾರುಗಳಲ್ಲಿ ಸೊಲೆನಾಯ್ಡ್ ಸ್ಟಾರ್ಟರಿನ ಬೆನ್ನ ಮೇಲೆಯೇ, ಹೆಡರಿನ ಪಕ್ಕದಲ್ಲೇ ಇರುತ್ತದೆ. ಕಾದ ತಾಮ್ರದ ಸುರುಳಿಯ ವಿದ್ಯುತ್ ಪ್ರತಿರೋಧ ಏರುತ್ತದೆ, ಕೀಲಿಯಿಂದ ಉದ್ದನೆಯ ದಾರಿ ಹಿಡಿದು ಬರುವ ವಿದ್ಯುತ್ತು ಸಾಲದಾಗುತ್ತದೆ. ಫೋರ್ಡ್ ಕಾರುಗಳಲ್ಲಿ ಸೊಲೆನಾಯ್ಡ್ ದೂರ, ಮಡ್‌ಗಾರ್ಡಿನ ಒಳಬದಿಯಲ್ಲಿ ಇರುವುದರಿಂದ ಅವರಿಗೆ ಈ ಕಾಟ ಕಡಿಮೆ. ಶೆವರ್ಲೆ ಮಂದಿ ಬಹಳ ಕಾಲದಿಂದ ಅದೇ ಫೋರ್ಡ್ ಸೊಲೆನಾಯ್ಡನ್ನು ತಂದು ತಮ್ಮ ಕಾರಿಗೆ ಜೋಡಿಸಿಕೊಳ್ಳುತ್ತ ಬಂದಿದ್ದಾರೆ. ಬ್ರ್ಯಾಂಡ್ ಅಭಿಮಾನ ಬದಿಗಿಟ್ಟು ನೀವೂ ಮಾಡಿ. ಸ್ಟಾರ್ಟರನ್ನೇ ಬದಲಾಯಿಸುವುದಾದರೆ ಗೇರ್ ಇರುವ ಚಿಕ್ಕ ಗಾತ್ರದ್ದು ಹೆಡರಿನಿಂದ ಇನ್ನಷ್ಟು ದೂರ ಉಳಿಯುತ್ತದೆ. ಬ್ರೇಕಿಗೆ ಡಾಟ್ 4 ದ್ರವ ಹಾಕಿ. ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ, ಡಾಟ್ 3ರದ್ದು 205. ತೇವ ಹೀರಿದ ಮೇಲೆ ಇವು 155 ಮತ್ತು 140ಕ್ಕೆ ಇಳಿಯುತ್ತವೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಜಾಣತನ.

ಪೆಟ್ರೋಲ್ ಕುದಿಯದಂತೆ

ಪೆಟ್ರೋಲ್ ಒಂದೇ ವಸ್ತುವಲ್ಲ, ಅದೊಂದು ಬೆರಕೆ. ಅದರ ಹಗುರ ಭಾಗಗಳು 35-40 ಡಿಗ್ರಿಯಲ್ಲೇ ಆವಿಯಾಗತೊಡಗುತ್ತವೆ. ಅಮೆರಿಕದಲ್ಲಿ ಚಳಿಗಾಲಕ್ಕೆ ಮಾರುವ ಪೆಟ್ರೋಲ್ ಇನ್ನೂ ಬೇಗ ಆವಿಯಾಗುವಂಥದ್ದು. ಚಳಿಗಾಲದ ಪೆಟ್ರೋಲ್ ಟ್ಯಾಂಕಿನಲ್ಲಿ ಉಳಿದಿರುವಾಗ ವಸಂತದ ಮೊದಲ ಬಿಸಿ ದಿನ ಬಂದರೆ ಹಳೆಯ ಕಾರುಗಳು ದಾರಿಯಲ್ಲಿ ಸಾಲಾಗಿ ನಿಲ್ಲುವುದು ಅದಕ್ಕೇ.

ಸ್ಮಾಲ್ ಬ್ಲಾಕ್ ಎಂಜಿನ್ನಿನಲ್ಲಿ ಕಾರ್ಬ್ಯುರೇಟರಿಗೆ ಕೆಳಗಿನಿಂದ ಬೆಂಕಿ ಇಡುವ ಏರ್ಪಾಡನ್ನು ಕಾರ್ಖಾನೆಯವರೇ ಮಾಡಿದ್ದಾರೆ. ಇನ್‌ಟೇಕ್ ಮ್ಯಾನಿಫೋಲ್ಡಿನ ನಡುವೆ, ಕಾರ್ಬ್ಯುರೇಟರಿನ ನೇರ ಕೆಳಗೆ, ಒಂದು ಬದಿಯ ಬಿಸಿ ಹೊಗೆ ಇನ್ನೊಂದು ಬದಿಗೆ ಹಾಯುವ ಸುರಂಗವಿದೆ. ಚಳಿಯಲ್ಲಿ ಎಂಜಿನ್ ಬೇಗ ಬಿಸಿಯಾಗಲಿ ಎಂಬ ಉದ್ದೇಶ. ಟರ್ಬೊ ಬಂದ ಮೇಲೆ ಈ ಸುರಂಗದ ಹೊಗೆಗೆ ಒತ್ತಡವೂ ಸೇರುತ್ತದೆ. ಇನ್‌ಟೇಕ್ ಗ್ಯಾಸ್ಕೆಟ್ ಬದಲಿಸುವಾಗ ಸುರಂಗದ ಬಾಯಿ ಮುಚ್ಚುವ ಸ್ಟೀಲ್ ತುಂಡುಗಳಿರುವ ಗ್ಯಾಸ್ಕೆಟನ್ನೇ ಹಾಕಿ. ಚಳಿಯ ಬೆಳಿಗ್ಗೆಗಳಲ್ಲಿ ಕಾರು ಸ್ವಲ್ಪ ಹೊತ್ತು ಮುನಿಸಿಕೊಳ್ಳುತ್ತದೆ, ಅಷ್ಟೇ. ಅರಿಜೋನಾದಲ್ಲಿರುವವರಿಗೆ ಅದೂ ತಿಳಿಯದು. ಇದರ ಮೇಲೆ ಕಾರ್ಬ್ಯುರೇಟರಿನ ಬುಡಕ್ಕೆ ಶಾಖ ಬೇಗ ಸಾಗಿಸದ ಫೀನಾಲಿಕ್ ಪ್ಲಾಸ್ಟಿಕ್ ಹಲಗೆಯ ಒಂದು ಮಣೆ.

ಟ್ಯಾಂಕಿನಿಂದ ಬಂದ ಪೆಟ್ರೋಲ್ ಒತ್ತಡ ಹದಗೊಳಿಸುವ ರೆಗ್ಯುಲೇಟರ್ ದಾಟಿ ಉಳಿದದ್ದು ಟ್ಯಾಂಕಿಗೇ ಮರಳುವ ಪೈಪು ಹಾಕಿಸಿ. ಹರಿಯುತ್ತಿರುವ ಪೆಟ್ರೋಲಿಗೆ ಕುದಿಯಲು ಪುರುಸೊತ್ತು ಸಿಗುವುದಿಲ್ಲ. ಆದರೆ ಟ್ಯಾಂಕು ಕಾಲುಭಾಗಕ್ಕಿಂತ ಕೆಳಗಿಳಿದಾಗ ಅದೇ ಅಷ್ಟು ಪೆಟ್ರೋಲ್ ಮತ್ತೆ ಮತ್ತೆ ಸುತ್ತಿ ಟ್ಯಾಂಕೇ ಬೆಚ್ಚಗಾಗುತ್ತದೆ. ಬೇಸಿಗೆಯಲ್ಲಿ ಅರ್ಧ ಟ್ಯಾಂಕಿಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಪೆಟ್ರೋಲ್ ಪೈಪು ಟರ್ಬೊ ಬದಿಗೆ ಸುಳಿಯಲೇಬಾರದು, ಎಡಬದಿಯಲ್ಲೇ ಹಾಯಿಸಿ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ಹೋಸು ಮೆತ್ತಗಾಗುವುದರಿಂದ ಒಳಗೆ ಟೆಫ್ಲಾನ್ ಬಗೆಯ ಪಿಟಿಎಫ್‌ಇ ಇರುವ ಹೋಸು ಬೇಕು.

ಒಳಹೋಗುವ ಗಾಳಿ

10 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡ, 70 ಶೇಕಡಾ ದಕ್ಷತೆಯ ಕಂಪ್ರೆಸರ್ ಎಂದಿಟ್ಟುಕೊಳ್ಳಿ. ಹೊರಗಿನ 30 ಡಿಗ್ರಿಯ ಗಾಳಿ ಒಳಹೋದರೆ ಹೊರಬರುವುದು ಸುಮಾರು 99 ಡಿಗ್ರಿಯಲ್ಲಿ. ಬಾನೆಟ್ ಕೆಳಗಿನ 60 ಡಿಗ್ರಿಯ ಗಾಳಿಯನ್ನೇ ಕುಡಿಸಿದರೆ 136. ಈ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಮೇಲೆ ನೂರಾರು ಡಾಲರ್ ಸುರಿದು, ಏರ್ ಫಿಲ್ಟರನ್ನು ಮಾತ್ರ ಟರ್ಬೈನಿನ ಪಕ್ಕದಲ್ಲಿ ನೇತುಹಾಕಿದ ಕಾರುಗಳನ್ನು ಕಂಡಾಗ ಬೇಸರವಾಗುತ್ತದೆ. ಫಿಲ್ಟರನ್ನು ಗ್ರಿಲ್ ಹಿಂದೆ ಅಥವಾ ಮುಂದಿನ ಮಡ್‌ಗಾರ್ಡಿನೊಳಗೆ, ಹೊರಗಾಳಿ ಸಿಗುವಲ್ಲಿ ಇಡಿ.

ರೇಡಿಯೇಟರ್, ಫ್ಯಾನ್

ಇಂಟರ್‌ಕೂಲರ್ ಮುಂದೆ ಬಂದರೆ ರೇಡಿಯೇಟರಿಗೆ ಸಿಗುವ ಗಾಳಿ ಕಡಿಮೆಯಾಗುತ್ತದೆ, ಸಿಗುವುದೂ ಬೆಚ್ಚಗಿರುತ್ತದೆ. ಅಲ್ಯೂಮಿನಿಯಂನ ಎರಡು ಸಾಲಿನ ರೇಡಿಯೇಟರ್ ಒಳ್ಳೆಯದೇ. ಅದಕ್ಕಿಂತ ಮುಖ್ಯವಾದದ್ದು ಸಂದುಗಳನ್ನು ಮುಚ್ಚುವುದು. ಗ್ರಿಲ್ಲಿನಿಂದ ಬಂದ ಗಾಳಿ ರೇಡಿಯೇಟರಿನ ಪಕ್ಕದಿಂದ, ಮೇಲಿನಿಂದ ನುಸುಳಿ ಹೋಗುತ್ತಿದ್ದರೆ ತಗಡು ಮತ್ತು ರಬ್ಬರ್ ಪಟ್ಟಿಯಿಂದ ಮುಚ್ಚಿ. ಯಾಂತ್ರಿಕ ಫ್ಯಾನಾದರೆ ಅದರ ಸುತ್ತಲಿನ ಕವಚವಾದ ಶ್ರೌಡಿನೊಳಗೆ ರೆಕ್ಕೆಯ ಅರ್ಧಭಾಗ ಒಳಗೆ, ಅರ್ಧ ಹೊರಗೆ ಇರಬೇಕು. ಟರ್ಬೊ ಮುಂಭಾಗದಲ್ಲಿದ್ದರೆ ಜಾಗ ಸಾಲದೆ ವಿದ್ಯುತ್ ಫ್ಯಾನೇ ಗತಿ. ಅದರ ಜೊತೆಗೆ ಆಲ್ಟರ್ನೇಟರ್ ಕೂಡ ದೊಡ್ಡದಾಗಬೇಕು. 15 ಪಿಎಸ್‌ಐ ಮುಚ್ಚಳದಡಿ ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ಸುಮಾರು 129 ಡಿಗ್ರಿಯವರೆಗೆ ಕುದಿಯುವುದಿಲ್ಲ. ಕಾವಿಗೆ ತಕ್ಕಂತೆ ನೀರಿನ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್ ಕಿತ್ತೆಸೆಯುವ ಸಲಹೆ ಯಾರಾದರೂ ಕೊಟ್ಟರೆ ನಕ್ಕು ಸುಮ್ಮನಾಗಿ.

ಬಂದ ಗಾಳಿ ಹೋಗುವ ದಾರಿ

ಒಳಗೆ ಬಂದ ಗಾಳಿಗೆ ಹೊರದಾರಿ ಇಲ್ಲದಿದ್ದರೆ ಮುಂದಿನ ಗಾಳಿ ಬರುವುದೂ ನಿಲ್ಲುತ್ತದೆ. ಇಲ್ಲೊಂದು ಹಳೆಯ ತಪ್ಪುನಂಬಿಕೆ ಉಳಿದುಕೊಂಡಿದೆ. ಬಾನೆಟ್ಟಿನ ಹಿಂದಿನ ಕೀಲುಗಳ ಕೆಳಗೆ ವಾಷರ್ ಇಟ್ಟು ಹಿಂಭಾಗವನ್ನು ಒಂದಿಂಚು ಎತ್ತುತ್ತಾರೆ. ನಿಂತ ಕಾರಿನಲ್ಲಿ ಅಲ್ಲಿಂದ ಝಳ ಮೇಲೇಳುವುದು ಕಣ್ಣಿಗೇ ಕಾಣುತ್ತದೆ, ಆದ್ದರಿಂದ ಎಲ್ಲರೂ ನಂಬುತ್ತಾರೆ. ಆದರೆ ಓಡುವ ಕಾರಿನ ಮುಂಗಾಜಿನ ಬುಡದಲ್ಲಿ ಗಾಳಿ ಬಡಿದು ಒತ್ತಡ ಹೆಚ್ಚಿರುತ್ತದೆ. 1969ರ ಕಮಾರೊಗೆ ಕಾರ್ಖಾನೆಯೇ ಕೊಡುತ್ತಿದ್ದ ಕೌಲ್ ಇಂಡಕ್ಷನ್ ಬಾನೆಟ್ಟಿನ ಬಾಯಿ ಗಾಜಿನ ಕಡೆಗೆ ತಿರುಗಿದ್ದುದು ಆ ಒತ್ತಡದ ಗಾಳಿಯನ್ನು ಕಾರ್ಬ್ಯುರೇಟರಿಗೆ ಒಳಗೆ ಎಳೆದುಕೊಳ್ಳಲೆಂದೇ. ವೇಗದಲ್ಲಿ ಅದೇ ಸಂದಿನಿಂದ ಗಾಳಿ ಒಳನುಗ್ಗಿ, ರೇಡಿಯೇಟರಿನಿಂದ ಬರುವ ಗಾಳಿಗೆ ಎದುರಾಗಿ ನಿಲ್ಲುತ್ತದೆ.

ಹೊರದಾರಿ ಬೇಕಾದದ್ದು ಬಾನೆಟ್ಟಿನ ಮುಂದಿನ ಮೂರನೇ ಒಂದು ಭಾಗದಲ್ಲಿ, ರೇಡಿಯೇಟರಿನ ಸ್ವಲ್ಪ ಹಿಂದೆ. ಅಲ್ಲಿ ಒತ್ತಡ ಕಡಿಮೆ. ಕತ್ತರಿಸುವ ಮೊದಲು ಖಚಿತಪಡಿಸಿಕೊಳ್ಳುವುದು ಸುಲಭ. ಪಾರದರ್ಶಕ ಟ್ಯೂಬನ್ನು ಯು ಆಕಾರಕ್ಕೆ ಬಗ್ಗಿಸಿ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಬಾನೆಟ್ ಮೇಲೆ, ಇನ್ನೊಂದನ್ನು ಕೆಳಗೆ ಅಂಟಿಸಿ, ಯು ಭಾಗವನ್ನು ಪಕ್ಕದಲ್ಲಿ ಕೂತವರ ಕೈಗೆ ಕೊಟ್ಟು ಓಡಿಸಿ. ನೀರು ಯಾವ ಕಡೆ ಏರುತ್ತದೆಯೋ ಆ ಕಡೆ ಒತ್ತಡ ಕಡಿಮೆ. ಟರ್ಬೈನಿನ ನೇರ ಮೇಲೆ ಒಂದು ಜಾಲರಿ ಬಂದರೆ ನಿಂತಾಗಲೂ ಕಾವು ತಾನಾಗಿ ಮೇಲೇರಿ ಹೋಗುತ್ತದೆ. ಮಳೆಗೆ ಅದರ ಕೆಳಗೊಂದು ನೀರು ಹಿಡಿಯುವ ತಟ್ಟೆ ಬೇಕು. ಮೂಲ ಬಾನೆಟ್ಟಿಗೆ ಗರಗಸ ತಾಗಿಸಲು ಮನಸ್ಸು ಬಾರದಿದ್ದರೆ, ಬಾರದಿರುವುದೇ ಸಹಜ, ಫೈಬರ್ ಗ್ಲಾಸಿನ ಇನ್ನೊಂದನ್ನು ತಂದು ಅದನ್ನು ಕತ್ತರಿಸಿ, ಮೂಲದ್ದನ್ನು ಗೋಡೆಗೆ ನೇತುಹಾಕಿ. ಮುಂಬಂಪರಿನ ಕೆಳಗೊಂದು ಏರ್ ಡ್ಯಾಮ್ (ಗಾಳಿ ತಡೆಯುವ ಅಡ್ಡಪಟ್ಟಿ) ಹಾಕಿದರೆ ಕಾರಿನಡಿ ಒತ್ತಡ ಇಳಿದು ಗಾಳಿ ಕೆಳಗಿನಿಂದಲೂ ಹೊರಬೀಳುತ್ತದೆ.

ಕರ್ನಾಟಕದಲ್ಲಿದ್ದು ಓದುತ್ತಿರುವವರಿಗೆ ಒಂದು ಮಾತು: ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಣೆಯನ್ನು ಬದಲಿಸುವುದನ್ನು ತಡೆಯುತ್ತದೆ. ರಸ್ತೆಗಿಳಿಯುವ ಕಾರಿಗೆ ಟರ್ಬೊ ಕೂರಿಸುವ ಮುನ್ನ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ಸ್ಟಾರ್ಟರ್, ಪೆಟ್ರೋಲ್ ಪೈಪು, ರೇಡಿಯೇಟರಿನ ಸಂದುಗಳ ಬಗ್ಗೆ ಹೇಳಿದ್ದು ಮಾತ್ರ ಬೆಂಗಳೂರಿನ ಸಂಚಾರದಲ್ಲಿ ತೆವಳುವ ಯಾವ ಹಳೆಯ ಕಾರಿಗೂ ಹಾಗೆಯೇ ಅನ್ವಯಿಸುತ್ತದೆ.

ಕೀಲಿ ತೆಗೆದ ಮೇಲೆ

ನೀರಿನಿಂದ ತಂಪಾಗುವ ನಡುಭಾಗವಿರುವ ಟರ್ಬೊವನ್ನೇ ಕೊಳ್ಳಿ. ಎಂಜಿನ್ ನಿಂತ ಮೇಲೂ ಬಿಸಿಯಾದ ನೀರು ಹಗುರವಾಗಿ ಮೇಲೇರಿ, ತಣ್ಣನೆಯ ನೀರು ಕೆಳಗಿನಿಂದ ಬಂದು ತಾನೇ ತಾನಾಗಿ ಸುತ್ತುತ್ತದೆ. ಇದು ನಡೆಯಬೇಕಾದರೆ ನೀರಿನ ಒಂದು ಪೈಪು ಕೆಳಗಿನಿಂದ ಸೇರಿ ಇನ್ನೊಂದು ಮೇಲಿನಿಂದ ಹೊರಟು ಏರುತ್ತಲೇ ಹೋಗಬೇಕು. ನಡುವೆ ಇಳಿದು ಹತ್ತಿದರೆ ಗಾಳಿಗುಳ್ಳೆ ಸಿಕ್ಕಿಹಾಕಿಕೊಳ್ಳುತ್ತದೆ. ನಡುಭಾಗವನ್ನು ಸುಮಾರು 20 ಡಿಗ್ರಿ ವಾಲಿಸಿ ಕೂರಿಸಿದರೆ ಈ ಹರಿವು ಸಲೀಸಾಗುತ್ತದೆ. ನೀರಿಲ್ಲದ ಟರ್ಬೊದಲ್ಲಿ ಬೇರಿಂಗಿನಲ್ಲಿ ಉಳಿದ ಎಣ್ಣೆ ಕರಿಕಟ್ಟಿ ಮರಳಿನಂತೆ ಉಜ್ಜುತ್ತದೆ. ನಿಮ್ಮದು ಅಂಥದ್ದಾದರೆ ಪೂರ್ಣ ಸಿಂಥೆಟಿಕ್ ಎಣ್ಣೆ ಹಾಕಿ, ಕಾರು ನಿಲ್ಲಿಸುವ ಮೊದಲಿನ ಕೊನೆಯ ಒಂದೆರಡು ಕಿಲೋಮೀಟರನ್ನು ಮೆಲ್ಲಗೆ ಓಡಿಸಿ.

ವಿದ್ಯುತ್ ಫ್ಯಾನಿಗೆ ಒಂದು ಟೈಮರ್ ರಿಲೇ ಜೋಡಿಸಿ, ಕೀಲಿ ತೆಗೆದ ಮೇಲೂ ಮೂರು-ನಾಲ್ಕು ನಿಮಿಷ ಓಡಲಿ. ಬ್ಯಾಟರಿ ಇಳಿಯುವಷ್ಟು ಹೊತ್ತು ಬೇಡ. ಮನೆಗೆ ಬಂದು ನಿಲ್ಲಿಸಿದಾಗ ಬಾನೆಟ್ ಎತ್ತಿಡುವುದು ಯಾವ ಉಪಕರಣಕ್ಕೂ ಕಡಿಮೆಯಲ್ಲ.

ಇಷ್ಟಾದ ಮೇಲೆ ಮೊದಲಿನ ಥರ್ಮೊಕಪಲ್‌ಗಳನ್ನು ಅದೇ ಜಾಗಗಳಿಗೆ ಕಟ್ಟಿ, ಅದೇ ದಾರಿಯಲ್ಲಿ, ಅಷ್ಟೇ ಬಿಸಿಲಿನ ದಿನ ಓಡಿಸಿ ಹೋಲಿಸಿ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಅಳೆದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯುತ್ತದೆ. ಎರಡು ಮೂರು ಬಾರಿ ಕಾದು ತಣಿದ ಮೇಲೆ ಮ್ಯಾನಿಫೋಲ್ಡ್ ಮತ್ತು ಟರ್ಬೊ ಬೋಲ್ಟುಗಳನ್ನು, ತಣ್ಣಗಿರುವಾಗ, ಮತ್ತೆ ಬಿಗಿ ಮಾಡಿ. ಪ್ರತಿ ಬಾರಿ ಎಣ್ಣೆ ಬದಲಿಸುವಾಗ ಟಾರ್ಚ್ ಹಿಡಿದು ಎಣ್ಣೆ ಪೈಪಿನ ಕೂಡುಗಳು, ಸುತ್ತುಪಟ್ಟಿಯ ಮೇಲಿನ ಕಲೆಗಳು, ಅಡ್ಡಪೈಪಿನ ಬೆಸುಗೆ, ಬಾನೆಟ್ಟಿನ ಒಳಮೈ ಬಣ್ಣ ಇಷ್ಟನ್ನು ನೋಡಿ. ಬೆಂಕಿ ನಂದಿಸುವ ಸಿಲಿಂಡರನ್ನು ಡಿಕ್ಕಿಯಲ್ಲಿ ಸಾಮಾನಿನಡಿ ಇಡಬೇಡಿ. ಚಾಲಕನ ಆಸನದ ಮುಂದೆ, ಬೆಲ್ಟ್ ಕಟ್ಟಿಕೊಂಡೇ ಕೈಗೆ ಎಟುಕುವಂತೆ ಲೋಹದ ಪಟ್ಟಿಯಲ್ಲಿ ಕೂರಿಸಿ. ಬಾನೆಟ್ ಕೆಳಗೆ ಹೊಗೆ ಕಂಡರೆ ಪೂರ್ತಿ ತೆರೆಯದೆ, ಕೊಂಡಿ ಬಿಡಿಸಿದಾಗ ಸಿಗುವ ಸಂದಿನಿಂದಲೇ ಅದನ್ನು ಒಳಕ್ಕೆ ಸಿಂಪಡಿಸಿ.